ಹಸಿ ಕಸ, ಒಣ ಕಸ, ನೀರಿನ ಬಾಕಿ

ಆರೂಕಾಲಿಗೆ ಪಂಚಾಯಿತಿ ಶೆಡ್ಡಿನಿಂದ ಗಾಡಿ ತೆಗೆಯುತ್ತೇನೆ.
ಸೀಟಿನ ಮೇಲೆ ಬಿಲ್ ಕಲೆಕ್ಟರ್ ಚೌಡಪ್ಪ ಇಟ್ಟುಹೋದ ಚೀಟಿ,
ಹಾರದಂತೆ ಮೇಲೊಂದು ವಾಲ್ವಿನ ಕೀಲಿ.
ಕಸದ ಹಾಡು ನಿಲ್ಲಿಸಿ ಓದಬೇಕಾದ್ದು ಏನೇನೋ ಇರುತ್ತದೆ:
ಬುಧವಾರ ಕುರಿಗಳಿಗೆ ಲಸಿಕೆ, ಹಗ್ಗ ನೀವೇ ತರತಕ್ಕದ್ದು.
ಜುಲೈ ಒಳಗೆ ಕಂದಾಯ ಕಟ್ಟಿದರೆ ನೂರಕ್ಕೆ ಐದು ಬಿಡುತ್ತಾರೆ.
ಪಡುವಲ ಬೀದಿಗೆ ಎರಡು ದಿನ ನೀರಿಲ್ಲ, ಮೋಟಾರು ಸುಟ್ಟಿದೆ.
ಗ್ರಾಮಸಭೆ ಹನ್ನೊಂದಕ್ಕೆ, ಅಂದರೆ ಒಂದು ಗಂಟೆಗೆ.
(ಅಂದರೆ ಅನ್ನುವುದು ಚೀಟಿಯಲ್ಲಿಲ್ಲ,
ನಲ್ಲಪ್ಪನಹುಡ್ಯಕ್ಕೆಲ್ಲ ಗೊತ್ತಿದೆ.)

ಕೆಲವರು ಬಕೆಟ್ಟಿನ ಜೊತೆ ತಮ್ಮ ಸುದ್ದಿಯನ್ನೂ ತರುತ್ತಾರೆ.
"ಶಶಿರೇಖಾ, ನಮ್ ಹುಂಜ ಕಾಣ್ತಿಲ್ಲ, ಬೋಳುಗತ್ತಿಂದು,
ಒಂದು ಮಾತು ಕೂಗಮ್ಮ."
ಪಂಚಾಯಿತಿ ವಿಷಯ ಬಿಟ್ಟು ಬೇರೇನೂ ಹೇಳಬಾರದು,
ಪಿಡಿಒ ಮೇಡಂ ಎರಡು ಸಲ ಅಂದಿದ್ದಾರೆ.
ಬೋಳುಗತ್ತಿನ ಹುಂಜವನ್ನು
ಲಸಿಕೆಗೂ ಕಂದಾಯಕ್ಕೂ ನಡುವೆ ತೂರಿಸಿ ದಾಟಿಸಿದೆ.
ಹುಂಜ ಮಧ್ಯಾಹ್ನವೇ ಸಿಕ್ಕಿತು.
ಮೋಟಾರು ಇನ್ನೂ ಮುಳಬಾಗಿಲಿನಲ್ಲಿದೆ, ವೈಂಡಿಂಗಿಗೆ.

ಇವತ್ತಿನದು ಚೀಟಿಯಲ್ಲ, ಪಿನ್ನು ಚುಚ್ಚಿದ ಮೂರು ಹಾಳೆ:
ನೀರಿನ ಬಾಕಿದಾರರು. ಬೀದಿ ಬೀದಿಗೂ ಓದತಕ್ಕದ್ದು.
ಕಂಪ್ಯೂಟರು ಯಾರನ್ನೂ ಸರಿಯಾಗಿ ಕರೆಯುವುದಿಲ್ಲ.
ಪಿಳ್ಳಪ್ಪನನ್ನು 'ಪಿಲಪ' ಅಂದಿದೆ,
ಅಲುವೇಲಮ್ಮನನ್ನು 'ಅಲವಾಲಂ',
ಖಲಂದರ್ ಸಾಬರು 'ಕ್ಯಾಲೆಂಡರ್', ಸಾವಿರದ ನಾಲ್ಕುನೂರು.
ಓದುತ್ತ ಓದುತ್ತಲೇ ತಿದ್ದಿದೆ,
ಬಾಕಿ ಅವರದಾದ ಮೇಲೆ ಹೆಸರೂ ಅವರದೇ ಆಗಿರಲಿ ಅಂತ.
ಗೇಟಿನಲ್ಲಿ ಹಲ್ಲುಜ್ಜುತ್ತ ನಿಂತಿದ್ದ ಪಿಳ್ಳಪ್ಪ
ಬ್ರಷ್ಷು ಬಾಯಲ್ಲೇ ಬಿಟ್ಟುಕೊಂಡು ಒಳಗೆ ನಡೆದ.
ಖಲಂದರ್ ಸಾಬರು ಮಾತ್ರ ಹೊರಗೆ ಬಂದು
"ಅದರಾಗೆ ಮುನ್ನೂರೈವತ್ತು ಹೋದ ತಿಂಗಳೇ ಕೊಟ್ಟಿದೀನಿ,
ಅದನ್ನೂ ಕೂಗು" ಅಂದರು.
ಕೂಗಿದೆ.

ಮೂರನೇ ಹಾಳೆ, ನಮ್ಮ ಬೀದಿ, ಹದಿನಾರನೇ ಸಾಲು.
'ಮುನಿಲಕಮ', ಗಂಡ ಲೇಟು ದೊಡ್ಡಮುನಿಶಾಮಪ್ಪ,
ಎರಡು ಸಾವಿರದ ನೂರ ಅರವತ್ತು.
ನಮ್ಮತ್ತೆ.
ಮದುವೆಯಾಗಿ ಒಂಬತ್ತು ವರ್ಷ,
ಆ ಹೆಸರನ್ನು ಒಂದು ದಿನವೂ ಬಾಯಲ್ಲಿ ಆಡಿದವಳಲ್ಲ.
ಬೆರಳು ಮೈಕಿನ ತಿರುಗಣೆಗೆ ಹೋಯಿತು.
ಸ್ವಲ್ಪ ತಗ್ಗಿಸಿದರೆ ಸಾಕು.
ಹಾರ್ನ್ ಒತ್ತಿದರೂ ಆಯಿತು, ಆ ಒಂದು ಸಾಲು ಮುಚ್ಚಿಹೋಗುತ್ತದೆ.
ಕ್ಲಚ್ಚು ತುಳಿದು ಹಾಳೆ ನೋಡುತ್ತ ಕೂತೆ.
ಹಿಂದಿನಿಂದ ಹಾಲಿನ ವ್ಯಾನು ಗದರಿತು.
ಪಿಳ್ಳಪ್ಪನ ಬ್ರಷ್ಷು ಕಣ್ಣಿಗೆ ಬಂತು.
ಓದಿದೆ. ಎಲ್ಲರಿಗೆ ಓದಿದಷ್ಟೇ ಜೋರಾಗಿ,
ಒತ್ತಕ್ಷರ ಒಂದೂ ಬಿಡದೆ:
ಮುನಿಲಕ್ಷ್ಮಮ್ಮ.

ಅತ್ತೆ ಬಂದರು,
ಒಂದು ಕೈಯಲ್ಲಿ ಹಸಿರು ಬಕೆಟ್ಟು, ಒಂದರಲ್ಲಿ ನೀಲಿ.
ಬೈಸಿಕೊಳ್ಳಲು ತಯಾರಾಗಿ ಗಾಡಿ ಆರಿಸಿದೆ.
ಮಾವಿನ ವಾಟೆ, ಚಹದ ಚರಟ ದಬದಬ ಸುರಿದು
ಬಕೆಟ್ಟಿನ ತಳ ಬಡಿಯುತ್ತಲೇ ಅಂದರು:
"ರೇಷನ್ ಕಾರ್ಡಲ್ಲಿ ಹನ್ನೊಂದು ವರ್ಷದಿಂದ ನಾನು ಮುನಿಲಕಮ.
ಬ್ಯಾಂಕಲ್ಲಿ ಮುನ್ನಿ.
ನಾಡಕಚೇರಿಗೆ ಎಷ್ಟು ಸಲ ಹೋದೆ, ಸರ್ವರ್ ಇಲ್ಲ, ಸರ್ವರ್ ಇಲ್ಲ.
ಇವತ್ತು ನೆಟ್ಟಗೆ ಕೇಳಿಸ್ತು. ಇನ್ನೊಂದ್ಸಲ ಕೂಗು."
"ಬಾಕಿ ಸಮೇತನಾ?"
"ಬಾಕಿ ಇಲ್ದಿದ್ರೆ ನಮ್ಮನ್ನ ಯಾರಮ್ಮ ಕೂಗ್ತಾರೆ?"

ಕೂಗಿದೆ. ಎದುರುಮನೆ ಹುಡುಗಿ ಜಡೆ ಅರ್ಧಕ್ಕೆ ಬಿಟ್ಟು ನಕ್ಕಿತು.
ಅತ್ತೆ ಸೆರಗಿನ ಗಂಟು ಬಿಚ್ಚಿ ಇನ್ನೂರು ರೂಪಾಯಿ
ಸ್ಟೇರಿಂಗಿನ ಸಂದಿಗೆ ಸಿಕ್ಕಿಸಿದರು.
"ರಸೀದಿಯಾಗೂ ಹಂಗೇ ಬರೆಸ್ಕೊಂಡು ಬಾ."
ನಾಲ್ಕು ಹೆಜ್ಜೆ ಹೋದವರು ತಿರುಗಿ,
ಬೇರೇನೋ ಮರೆತವರ ಹಾಗೆ:
"ಒಣ ಕಸದಾಗೆ ಬ್ಲೇಡು ಐತೆ. ಕೈ ಹುಷಾರು."